ಅಮೆರಿಕದವರು ಇಂಗ್ಲಿಷನ್ನು ಕೆಡಿಸಿದರಾ?

ಒಂದೇ ಇಂಗ್ಲಿಷ್‌ಗೆ ಎರಡೆರಡು ಸ್ಪೆಲಿಂಗ್ ಯಾಕೆ, ಸರಿಯಾಗಿದ್ದ ಭಾಷೆಯನ್ನು ಅಮೆರಿಕದವರು ಕೆಡಿಸಿದರಾ ಅಂತ ಕೇಳಿದ್ದೀರಿ. ಪ್ರೂಫ್ ನೋಡುವುದೇ ನನ್ನ ಕೆಲಸ, ಹಾಗಾಗಿ ಈ ಜಗಳ ನನಗೆ ದಿನವೂ ಇದ್ದದ್ದೇ.

ಕೆಡಿಸೋಕೆ ಆಗ ಗಟ್ಟಿಯಾದ ಸ್ಪೆಲಿಂಗ್ ಅನ್ನುವುದೇ ಇರಲಿಲ್ಲ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಸಂಪುಟದಲ್ಲಿ 'ಆನರ್' ಪದ 'ಯು' ಜೊತೆಗೂ ಬರುತ್ತದೆ, 'ಯು' ಇಲ್ಲದೆಯೂ ಬರುತ್ತದೆ. 1755ರ ನಿಘಂಟಿನಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ 'ಯು' ಇಟ್ಟುಕೊಂಡರು. ಅಮೆರಿಕದ ನೋವಾ ವೆಬ್‌ಸ್ಟರ್ 1806ರಲ್ಲಿ, ಮತ್ತೆ 1828ರ ದೊಡ್ಡ ನಿಘಂಟಿನಲ್ಲಿ ಅದನ್ನು ಬಿಟ್ಟರು. ಇದ್ದ ಎರಡರಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಿಡಿದರು, ಅಷ್ಟೆ.

ಹೊಸ ದೇಶಕ್ಕೆ ತನ್ನದೇ ಬರಹ ಇರಬೇಕು ಅನ್ನುವ ಹಟ ವೆಬ್‌ಸ್ಟರ್‌ಗೆ ಇದ್ದದ್ದೂ ನಿಜ. ಆದರೆ ಅವರು ಹೇಳಿದ್ದೆಲ್ಲ ನಡೆಯಲಿಲ್ಲ. ನಾಲಿಗೆ ಅನ್ನುವ ಅರ್ಥದ 'ಟಂಗ್' ಪದಕ್ಕೆ ಟಿ-ಯು-ಎನ್-ಜಿ ಸಾಕು ಅಂದರು, ಅವರ ದೇಶದವರೇ ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲಿಂಗನ್ನು ಸರ್ಕಾರಿ ಮುದ್ರಣಕ್ಕೆ ತರಲು ಹೊರಟರು. ಅಲ್ಲಿನ ಸಂಸತ್ತು ಬಿಡಲಿಲ್ಲ.

'ಆರ್ಗನೈಸ್' ಪದದಲ್ಲಿ 'ಎಸ್' ಬದಲು 'ಝಡ್' ಕಂಡರೆ ಸಾಕು, ಅಮೆರಿಕದ್ದು ಅಂತ ಹೊಡೆದುಹಾಕುವವರಿದ್ದಾರೆ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆಯ್ಕೆಯೇ 'ಝಡ್'! 'ಸಾಕರ್' ಕೂಡ ಇಂಗ್ಲೆಂಡಿನ ವಿದ್ಯಾರ್ಥಿಗಳು 'ಅಸೋಸಿಯೇಷನ್ ಫುಟ್‌ಬಾಲ್' ಅನ್ನುವುದನ್ನು ಮೊಟಕು ಮಾಡಿ ಕಟ್ಟಿದ ಪದ. 'ಗೆಟ್' ಪದದ 'ಗಾಟನ್' ರೂಪ, ಎಲೆ ಉದುರುವ ಕಾಲಕ್ಕೆ 'ಫಾಲ್' ಇವೆಲ್ಲ ಇಂಗ್ಲೆಂಡಿನಲ್ಲೇ ಇದ್ದವು. ಅಲ್ಲಿ ಸವೆದವು, ಅಮೆರಿಕದಲ್ಲಿ ಉಳಿದವು. ಅಂದಮೇಲೆ ಯಾರು ಯಾರನ್ನು ಬೈಯಬೇಕು?

ನಿಜ ಹೇಳಬೇಕೆಂದರೆ ಸ್ಪೆಲಿಂಗ್‌ಗೆ ಜನ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 'ಯು' ಇದ್ದರೂ ಇಲ್ಲದಿದ್ದರೂ ಓದುವವರಿಗೆ ಅರ್ಥವಾಗುತ್ತದೆ. ಪದ ಅದೇ ಇದ್ದು ಅರ್ಥ ಬೇರೆಯಾದಾಗಲೇ ಕಷ್ಟ. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಅಂದರೆ ಬ್ರಿಟನ್‌ನವರಿಗೆ ಈಗಲೇ ಚರ್ಚಿಸೋಣ ಅಂತ, ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡೋಣ ಅಂತ. ಎರಡನೇ ಮಹಾಯುದ್ಧದ ಸಭೆಯೊಂದರಲ್ಲಿ ಎರಡೂ ಕಡೆಯವರು ಇದೇ ಪದದ ಮೇಲೆ ವಾದಕ್ಕಿಳಿದಿದ್ದನ್ನು ಚರ್ಚಿಲ್ ಬರೆದಿದ್ದಾರೆ. 'ಬಿಲಿಯನ್' ಇನ್ನೂ ಅಪಾಯದ್ದು. ಬ್ರಿಟನ್ ಸರ್ಕಾರ ಅದನ್ನು ನೂರು ಕೋಟಿ ಅಂತ ಒಪ್ಪಿದ್ದು 1974ರಲ್ಲಿ. ಅದಕ್ಕೂ ಮೊದಲು ಅಲ್ಲಿ ಅದು ಲಕ್ಷ ಕೋಟಿ. ಹಳೆಯ ಬ್ರಿಟಿಷ್ ಪುಸ್ತಕದ ಅಂಕಿ ಎತ್ತಿಕೊಳ್ಳುವಾಗ ಜೋಕೆ. ದಕ್ಷಿಣ ಆಫ್ರಿಕಾದಲ್ಲಿ ಯಾರಾದರೂ 'ರೋಬೋಟ್' ಹತ್ತಿರ ಎಡಕ್ಕೆ ತಿರುಗಿ ಅಂದರೆ ಗಾಬರಿಯಾಗಬೇಡಿ, ಅದು ಟ್ರಾಫಿಕ್ ಸಿಗ್ನಲ್.

ಯಾವುದನ್ನು ಬಳಸಲಿ ಅಂದರೆ, ಓದುವವರು ಯಾವ ದೇಶದವರೋ ಆ ದೇಶದ್ದು. ಒಂದು ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಕೆನಡಾದವರು ಮಾತ್ರ ಬೆರಕೆಯನ್ನೇ ನಿಯಮ ಮಾಡಿಕೊಂಡಿದ್ದಾರೆ: 'ಕಲರ್' ಬ್ರಿಟಿಷ್ ರೀತಿ 'ಯು' ಜೊತೆಗೆ, ಗಾಡಿಯ 'ಟೈರ್' ಅಮೆರಿಕನ್ ರೀತಿ 'ವೈ' ಬದಲು 'ಐ' ಹಾಕಿ.

ಇನ್ನೊಂದು, ಕಂಪ್ಯೂಟರ್‌ನಲ್ಲಿ ಒಂದೇ ಏಟಿಗೆ ಎಲ್ಲ ಸ್ಪೆಲಿಂಗ್ ಬದಲಿಸುವಾಗ ಹೆಸರುಗಳನ್ನು ಮುಟ್ಟಬೇಡಿ. ಬ್ರಿಟಿಷ್ ಬರಹದಲ್ಲೂ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ಗೆ 'ಯು' ಇಲ್ಲ. ಆಸ್ಟ್ರೇಲಿಯಾದಲ್ಲಿ 'ಲೇಬರ್' ಪದಕ್ಕೆ 'ಯು' ಇದೆ, ಆದರೆ ಅಲ್ಲಿನ ಲೇಬರ್ ಪಕ್ಷ 1912ರಿಂದ ತನ್ನ ಹೆಸರನ್ನು ಅದಿಲ್ಲದೆಯೇ ಬರೆಯುತ್ತಿದೆ.