ಮಗುವಿನ ಪಿತ್ತಕೋಶ ಊದಿದರೆ ಆಪರೇಷನ್ನೇ ಬೇಕೆ?

ಸಿಂಧನೂರಿನ ಓದುಗರ ಪತ್ರದ ಸಾರ: ಎಂಟು ವರ್ಷದ ಮಗಳಿಗೆ ಡೆಂಗಿ ಬಂದು ಬಲ ಪಕ್ಕೆಯ ಕೆಳಗೆ ನೋವು, ವಾಂತಿ ಇತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಪಿತ್ತಕೋಶದ ಗೋಡೆ 6 ಮಿ.ಮೀ., ಕಲ್ಲಿಲ್ಲ’ ಎಂದಿದೆ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಆದರೂ ಬಳ್ಳಾರಿಗೆ ಕರೆದೊಯ್ದು ಪಿತ್ತಕೋಶ ತೆಗೆಸಿಬಿಡಿ ಎಂದು ನೆಂಟರ ಒತ್ತಾಯ. ತೆಗೆಸಬೇಕೆ?

ಈ ರಿಪೋರ್ಟ್ ಒಂದನ್ನೇ ನಂಬಿ ತೆಗೆಸಬೇಡಿ. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆಗೂ ಪಿತ್ತಕೋಶದ ಗೋಡೆಗೂ ಇಳಿಯುತ್ತದೆ. ಸಾಮಾನ್ಯವಾಗಿ 3 ಮಿ.ಮೀ. ಮೀರದ ಗೋಡೆ ಹೀಗೆ ದಪ್ಪಗಾಗುತ್ತದೆ. ಸೋರಿಕೆ ನಿಂತರೆ ತಾನಾಗಿ ಇಳಿಯುತ್ತದೆ. ಪ್ಲೇಟ್‌ಲೆಟ್ ಕುಸಿದಾಗ ಕತ್ತರಿ ಹಾಕಿದರೆ ರಕ್ತಸ್ರಾವದ ಭಯವೇ ಹೆಚ್ಚು. ಊಟವಾದ ಮೇಲೆ ಪಿತ್ತಕೋಶ ಕುಗ್ಗಿ ಗೋಡೆ ದಪ್ಪಗೆ ಕಾಣುವುದೂ ಉಂಟು. ಅದಕ್ಕೇ ಸ್ಕ್ಯಾನಿಗೆ ಮುನ್ನ ನಾಲ್ಕರಿಂದ ಆರು ತಾಸು ಊಟ ಬಿಡಿಸುತ್ತಾರೆ.

ಎಲ್ಲ ಊತವೂ ಹೀಗೆ ಇಳಿಯುವುದಿಲ್ಲ. ಟೈಫಾಯ್ಡಿನಲ್ಲಿ ಕಲ್ಲಿಲ್ಲದೆಯೇ ಪಿತ್ತಕೋಶಕ್ಕೆ ಸೋಂಕು ತಗಲಬಹುದು. ಅಲ್ಲಿ ಟೈಫಾಯ್ಡ್ ಪತ್ತೆಗೆ ಮಾಡುವ ವೈಡಾಲ್ ರಕ್ತಪರೀಕ್ಷೆ ಒಂದನ್ನೇ ನೆಚ್ಚಬಾರದು. ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಸಬೇಕು. ಬಾಯಿಗೆ ಏನೂ ಕೊಡದೆ ಡ್ರಿಪ್, ನೋವಿನ ಮದ್ದು, ರಕ್ತನಾಳಕ್ಕೆ ಆ್ಯಂಟಿಬಯಾಟಿಕ್, ಮತ್ತೆ ಮತ್ತೆ ಸ್ಕ್ಯಾನ್: ಹೆಚ್ಚಿನ ಮಕ್ಕಳು ಇಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ. ಹೊಟ್ಟೆ ಹಲಗೆಯಂತೆ ಬಿಗಿದರೆ, ಮದ್ದು ನಡೆದಿದ್ದರೂ ಜ್ವರ ಏರಿದರೆ ಗೋಡೆ ಕೊಳೆತು ತೂತಾಗುತ್ತಿರಬಹುದು. ಆಗ ಸರ್ಜನ್‌ ಕಾಣಲು ತಡಮಾಡಬಾರದು.

ಕಲ್ಲಿನಿಂದ ಬಾವು ಬಂದಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಲ್ಯಾಪ್ರೊಸ್ಕೋಪಿಯಿಂದ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಪಿತ್ತಕೋಶ ತೆಗೆಯುವುದೇ ಸರಿಯಾದ ದಾರಿ. ಮಗುವಿನಲ್ಲಿ ಕಲ್ಲು ಕಂಡರೆ ಸಿಕಲ್ ಸೆಲ್, ಥಲಸ್ಸೀಮಿಯಾದಂಥ ರಕ್ತಕಣ ಒಡೆಯುವ ಕಾಯಿಲೆ ಇದೆಯೇ ಎಂದೂ ನೋಡಿಸಬೇಕು. ಆದರೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ಕೆಲವು ಮಕ್ಕಳಲ್ಲಿ ಆ ಮದ್ದೇ ಕ್ಯಾಲ್ಸಿಯಂ ಜತೆ ಸೇರಿ ಸ್ಕ್ಯಾನಿನಲ್ಲಿ ಕಲ್ಲಿನಂತೆ ಕಾಣುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಯಾವ ಇಂಜೆಕ್ಷನ್ ಕೊಟ್ಟರು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಕಣ್ಣು ಹಳದಿಯಾಯಿತೆಂದು ರಟ್ಟೆಗೆ ಬರೆ ಹಾಕಿಸುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಸುಟ್ಟ ಗಾಯ ಕೀವಾಗುತ್ತದೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದ್ದರೆ ಆ ದಿನಗಳೆಲ್ಲ ವ್ಯರ್ಥ. ಹಳದಿ ಕಣ್ಣಿನ ಜತೆ ಮಲ ಸುಣ್ಣದ ಬಣ್ಣಕ್ಕೆ ತಿರುಗಿ ಚಳಿಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಮಗಳಿಗೆ ಈಗ ನೋವಿಲ್ಲದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ, ಒಂದೆರಡು ವಾರದಲ್ಲಿ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿ. ಹಳೆಯ ರಿಪೋರ್ಟ್ ಮರೆಯದೆ ಒಯ್ಯಿರಿ. ಅಳತೆಗಳನ್ನು ಹೋಲಿಸಲು ಅದು ಬೇಕು.