ಪತ್ನಿಯ ಹಳೆಯ ಕಾರಿನ ಬದಲಿಗೆ ಹೊಸ ಕಾರೇ, ಬಳಸಿದ ಕಾರೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ಪತ್ನಿಯ 13 ವರ್ಷದ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿದೆ, ಅದನ್ನು ಸರಿಪಡಿಸುವ ಖರ್ಚು ಕಾರಿನ ಈಗಿನ ಬೆಲೆಯನ್ನೇ ಮೀರುತ್ತದೆ, ಅವರ ಓಡಾಟ ಬಹುಪಾಲು ನಾಲ್ಕೈದು ಕಿಲೋಮೀಟರಿನ ಒಳಗಿನದು, ಅಪರೂಪಕ್ಕೆ ಹೆದ್ದಾರಿ, ಮುಂದಿನ ಹತ್ತು ವರ್ಷ ದಾರಿಯಲ್ಲಿ ನಿಲ್ಲಿಸದ ಕಾರು ಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರರಿಂದ ಐದು ವರ್ಷ ಹಳೆಯದಾದ, ಸರ್ವೀಸ್ ದಾಖಲೆ ಒಂದೂ ತಪ್ಪದೆ ಇರುವ, ಸರಳ ಪೆಟ್ರೋಲ್ ಎಂಜಿನ್ನಿನ ಅಥವಾ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರನ್ನು ಹುಡುಕಿ. ಅಂಥದ್ದು ಸಿಗದಿದ್ದರೆ ಅಥವಾ ಅದರ ಬೆಲೆ ಹೊಸ ಕಾರಿನ ಬೆಲೆಯ ಹತ್ತಿರಕ್ಕೆ ಬಂದರೆ ಹೊಸದನ್ನೇ ಕೊಳ್ಳಿ. ಹೊಸದೋ ಹಳೆಯದೋ ಎನ್ನುವುದಕ್ಕಿಂತ, ಆ ಕಾರು ಅವರ ಓಡಾಟಕ್ಕೆ ಒಗ್ಗುತ್ತದೆಯೇ ಮತ್ತು ಈವರೆಗೆ ಅದನ್ನು ಹೇಗೆ ನೋಡಿಕೊಂಡಿದ್ದಾರೆ ಎನ್ನುವುದು ಹೆಚ್ಚು ಮುಖ್ಯ.

ನಮ್ಮ ಮನೆಯಲ್ಲಿ ಯಂತ್ರಗಳ ಗೀಳು ಇರುವುದು ನನಗೆ. ನನ್ನ ಪತಿಗೆ ಕಾರು ಎಂದರೆ ಬೆಳಿಗ್ಗೆ ಗುಂಡಿ ಒತ್ತಿದೊಡನೆ ಹೊರಡಬೇಕಾದ ವಸ್ತು, ಅಷ್ಟೆ. ಅವರಿಗಾಗಿ ಕಾರು ಆರಿಸುವಾಗ ನನಗೆ ಸ್ಪಷ್ಟವಾದ ಸಂಗತಿ ಏನೆಂದರೆ, ಕಾರಿನ ಬಗ್ಗೆ ಆಸಕ್ತಿ ಇರುವವರು ತಮಗೆ ಇಷ್ಟವಾದದ್ದನ್ನು ಸಂಗಾತಿಯ ಅಗತ್ಯವೆಂದು ನಂಬಿಬಿಡುವುದು ಬಹಳ ಸುಲಭ. ಆದ್ದರಿಂದ ಪಟ್ಟಿಯನ್ನು ಎರಡು ಮೂರು ಕಾರುಗಳಿಗೆ ಇಳಿಸುವ ಕೆಲಸ ಮಾತ್ರ ನಿಮ್ಮದಾಗಿರಲಿ, ಕೊನೆಯ ಆಯ್ಕೆ ಚಾಲಕರ ಸೀಟಿನಲ್ಲಿ ಕೂರುವವರದು. ಸೀಟಿನ ಎತ್ತರ, ಹಿಂದಿನ ಗಾಜಿನಿಂದ ಕಾಣುವ ನೋಟ, ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸುವ ಸುಲಭ, ಇವುಗಳಲ್ಲಿ ಒಂದು ಒಗ್ಗದಿದ್ದರೂ ಅವರು ದಿನವೂ ಗೊಣಗುತ್ತಲೇ ಓಡಿಸಬೇಕಾಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ನೀವು ಪಕ್ಕದಲ್ಲಿ ಕೂತು ಸದ್ದು ಕೇಳಿಸಿಕೊಳ್ಳಿ, ಓಡಿಸುವುದನ್ನು ಅವರಿಗೇ ಬಿಡಿ.

ನೀವು ಹೇಳಿದ ಸಣ್ಣ ಓಡಾಟ ಕಾರಿಗೆ ಹಗುರವಾದ ಕೆಲಸ ಎಂದು ತೋರುತ್ತದೆ, ವಾಸ್ತವದಲ್ಲಿ ಎಂಜಿನ್ನಿಗೆ ಅದೇ ಕಠಿಣ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಂತುಬಿಡುವುದರಿಂದ ಆಯಿಲ್‌ನಲ್ಲಿ ಸೇರಿದ ನೀರಿನ ಅಂಶವೂ ಸುಡದ ಪೆಟ್ರೋಲೂ ಆವಿಯಾಗಿ ಹೋಗುವುದಿಲ್ಲ, ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಡೀಸೆಲ್ ಕಾರನ್ನು ಈ ಕಾರಣಕ್ಕೇ ನಾನು ಪಟ್ಟಿಯಿಂದ ತೆಗೆದುಹಾಕುತ್ತೇನೆ: ಇಂದಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ, ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ತಾಪ ಬೇಕು, ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಆ ತಾಪ ಬರುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡರೆ ಖರ್ಚು ಸಣ್ಣದಲ್ಲ. ಪೆಟ್ರೋಲ್ ಕಾರುಗಳಲ್ಲಿಯೂ ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಬಗೆಯವುಗಳಲ್ಲಿ ಒಳಗಾಳಿಯ ವಾಲ್ವ್‌ಗಳನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕಾಲಕ್ರಮೇಣ ಇಂಗಾಲ ಗಟ್ಟಿಯಾಗಿ ಕೂರುತ್ತದೆ. ಟರ್ಬೊ ಇಲ್ಲದ, ವಾಲ್ವ್‌ನ ಹಿಂದೆಯೇ ಇಂಧನ ಚಿಮ್ಮಿಸುವ ಹಳೆಯ ಬಗೆಯ ಎಂಜಿನ್ ಜಾಹೀರಾತಿನಲ್ಲಿ ಮಿಂಚುವುದಿಲ್ಲ, ಆದರೆ ನಿಮ್ಮ ಉದ್ದೇಶಕ್ಕೆ ಅದೇ ಸರಿ.

ಗೇರ್‌ಬಾಕ್ಸ್‌ನಿಂದಲೇ ನಿಮಗೆ ಪೆಟ್ಟು ಬಿದ್ದಿರುವುದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಯಂತ್ರಗಳು ಮಾರಾಟವಾಗುತ್ತವೆ, ಮಾರುವವರು ಆ ವ್ಯತ್ಯಾಸವನ್ನು ಹೇಳುವುದು ಅಪರೂಪ. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು ಬಹುಕಾಲದಿಂದ ಪಳಗಿದ ಬಗೆ. ಬಿಸಿಯನ್ನೂ ನಿಂತು ನಿಂತು ಸಾಗುವ ಓಟವನ್ನೂ ತಡೆದುಕೊಳ್ಳುತ್ತದೆ. ಆಯಿಲ್‌ನಲ್ಲಿ ಮುಳುಗಿರದ ಎರಡು ಒಣ ಕ್ಲಚ್‌ಗಳಿರುವ ಡ್ಯುಯಲ್ ಕ್ಲಚ್ ಬಗೆಯು ಹೆದ್ದಾರಿಯಲ್ಲಿ ಚುರುಕಾಗಿದ್ದರೂ ದಟ್ಟಣೆಯಲ್ಲಿ ತೆವಳುವಾಗ ಕ್ಲಚ್ ಮತ್ತೆ ಮತ್ತೆ ಜಾರುತ್ತ ಬಿಸಿಯಾಗುತ್ತದೆ. ನಿಮ್ಮ ಪತ್ನಿಯ ಓಡಾಟಕ್ಕೆ ಇದನ್ನು ನಾನು ಸೂಚಿಸುವುದಿಲ್ಲ. ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಓಡುವ ಸಿವಿಟಿ ನಯವಾದದ್ದು, ಆದರೆ ಅದರ ಆಯಸ್ಸು ಆಯಿಲ್ ಬದಲಾವಣೆಯನ್ನೇ ನೆಚ್ಚಿಕೊಂಡಿದೆ. ಟೊಯೋಟಾ 1997ರಲ್ಲಿ ಪ್ರಿಯಸ್ ಕಾರಿನೊಂದಿಗೆ ತಂದ ಹೈಬ್ರಿಡ್ ವ್ಯವಸ್ಥೆಯನ್ನೂ ಕೆಲವರು ಸಿವಿಟಿ ಎಂದೇ ಕರೆಯುತ್ತಾರೆ. ಅದರೊಳಗೆ ಬೆಲ್ಟ್ ಇಲ್ಲ, ಒಂದು ಗ್ರಹಚಕ್ರದಂಥ ಗೇರ್ ಜೋಡಣೆ ಮತ್ತು ಎರಡು ವಿದ್ಯುತ್ ಮೋಟಾರುಗಳಿವೆ, ಪ್ರತ್ಯೇಕ ಸ್ಟಾರ್ಟರ್ ಮೋಟಾರಾಗಲಿ ಆಲ್ಟರ್ನೇಟರ್ ಆಗಲಿ ಇಲ್ಲ. ಕೇಳುವುದಕ್ಕೆ ಜಟಿಲ, ಕೆಡುವ ಭಾಗಗಳು ಮಾತ್ರ ಕಡಿಮೆ.

ಯಾವ ಬಗೆಯದಾದರೂ ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಲಾಗಿದೆ ಎಂದು ಕೇಳಿ. ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಎಂಬ ಉತ್ತರ ಬಂದರೆ ಯಾರ ಜೀವಮಾನ ಎಂದು ಕೇಳುವುದು ಅಧಿಕಪ್ರಸಂಗವಾಗಲಾರದು. ಹಲವು ಕಾರು ಕಂಪನಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿಕೊಡುವ ಜೆಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸ್‌ಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ಬದಲಿಸಲು ಸಲಹೆ ಕೊಡುತ್ತದೆ.

ಹೊಸ ಕಾರು ಕೊಳ್ಳುವುದಾದರೆ ಈಗಷ್ಟೇ ಬಿಡುಗಡೆಯಾದ ಮಾದರಿಯ ಮೊದಲ ವರ್ಷದ ಕಾರನ್ನು ಬಿಟ್ಟುಬಿಡಿ. ಎಂಜಿನ್, ಗೇರ್‌ಬಾಕ್ಸ್, ಡ್ಯಾಶ್‌ಬೋರ್ಡಿನ ತೆರೆ ಎಲ್ಲವೂ ಒಮ್ಮೆಗೇ ಹೊಸದಾಗಿರುವಾಗ ಅವುಗಳ ಹುಳುಕು ಹೊರಬೀಳುವುದು ಮೊದಲು ಕೊಂಡವರ ಕೈಯಲ್ಲಿಯೇ. ಎರಡು ಮೂರು ವರ್ಷ ಮಾರಾಟವಾಗಿ ಹದಗೊಂಡ ಮಾದರಿ ಉತ್ತಮ. ಬಳಸಿದ ಕಾರಿನ ದೊಡ್ಡ ಅನುಕೂಲ, ಬೆಲೆ ಅತಿ ವೇಗವಾಗಿ ಕುಸಿಯುವ ಮೊದಲ ವರ್ಷಗಳ ನಷ್ಟವನ್ನು ಇನ್ನೊಬ್ಬರು ಭರಿಸಿರುತ್ತಾರೆ ಎನ್ನುವುದು. ಆದರೆ ನೀವು ಹತ್ತು ವರ್ಷ ಇಟ್ಟುಕೊಳ್ಳುವವರಾದ್ದರಿಂದ ಹೊಸ ಕಾರಿನಲ್ಲಿಯೂ ಆ ನಷ್ಟ ಹತ್ತು ವರ್ಷಕ್ಕೆ ಹಂಚಿಹೋಗುತ್ತದೆ, ಜೊತೆಗೆ ವಾರಂಟಿಯೂ ಮೊದಲ ದಿನದ ಚರಿತ್ರೆಯೂ ನಿಮ್ಮದೇ ಆಗಿರುತ್ತದೆ. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದ್ದರೆ ಇಷ್ಟು ಸಣ್ಣ ಓಡಾಟಕ್ಕೆ ವಿದ್ಯುತ್ ಕಾರಿಗಿಂತ ಒಪ್ಪುವುದು ಬೇರೊಂದಿಲ್ಲ. ಬಳಸಿದ್ದನ್ನು ಕೊಳ್ಳುವುದಾದರೆ ಬ್ಯಾಟರಿಯಲ್ಲಿ ಉಳಿದಿರುವ ಸಾಮರ್ಥ್ಯದ ವರದಿಯನ್ನು ಪಡೆಯಿರಿ. ಹಲವು ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತಾರೆ, ಅದರಲ್ಲಿ ಎಷ್ಟು ಉಳಿದಿದೆ ಮತ್ತು ಮಾಲೀಕರು ಬದಲಾದ ಮೇಲೂ ಅದು ನಡೆಯುತ್ತದೆಯೇ ಎಂದು ಬರವಣಿಗೆಯಲ್ಲಿ ನೋಡಿಕೊಳ್ಳಿ.

ಬಳಸಿದ ಕಾರನ್ನು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿ, ಹೋದೊಡನೆ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮರೆಸಲು ಮೊದಲೇ ಚಾಲೂ ಮಾಡಿದ್ದಿರಬಹುದು. ಚಾಲೂ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಸಿಲಿಂಡರಿಗೆ ಸೋರುತ್ತಿರುವ ಸೂಚನೆ. ಎಂಜಿನ್ ದೀಪ ಉರಿಯುತ್ತಿಲ್ಲ ಎಂಬುದರಿಂದ ಸಮಾಧಾನ ಪಡಬೇಡಿ, ದೋಷದ ಸಂಕೇತಗಳನ್ನು ಅಳಿಸಿಹಾಕಲು ಒಂದು ನಿಮಿಷ ಸಾಕು. ಅಳಿಸಿದರೆ ಕಾರಿನ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಶುರುವಾಗಬೇಕಾಗುತ್ತದೆ, ಅವು ಅಪೂರ್ಣವಾಗಿವೆ ಎಂದು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ತೋರಿಸಿದರೆ ಇತ್ತೀಚೆಗಷ್ಟೇ ಬ್ಯಾಟರಿ ಕಳಚಿರಬಹುದು ಅಥವಾ ಏನನ್ನೋ ಅಳಿಸಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಅದರ ಬುಡದಲ್ಲಿ ಕೆಸರಿನ ಕಲೆ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಕಂಡರೆ ಕಾರು ನೀರಿನಲ್ಲಿ ಮುಳುಗಿತ್ತೆಂದು ಶಂಕಿಸಿ, ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ಹಿಂದಿರುಗಿ. ಟೈರಿನ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೇ ವಾರ. ಓಡೋಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ನುಣುಪಾಗಿ ಸವೆದಿದ್ದರೆ ನಾನು ರಬ್ಬರನ್ನೇ ನಂಬುತ್ತೇನೆ.

17 ಅಕ್ಷರ ಮತ್ತು ಅಂಕಿಗಳ ಷಾಸಿ ಸಂಖ್ಯೆಯನ್ನು ಬರೆದುಕೊಂಡು ಬಂದು, ತಯಾರಕರ ತಾಣದಲ್ಲಿ ಆ ಕಾರಿಗೆ ಬಾಕಿ ಉಳಿದ ರೀಕಾಲ್, ಅಂದರೆ ದೋಷ ಸರಿಪಡಿಸಲು ತಯಾರಕರೇ ಕೊಟ್ಟ ಕರೆ, ಇದೆಯೇ ಎಂದು ನೋಡಿ. ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳೊಳಗಿನ ರಾಸಾಯನಿಕ ಶಾಖ ಮತ್ತು ತೇವಕ್ಕೆ ಹಾಳಾಗಿ, ಗಾಳಿ ತುಂಬುವ ಭಾಗವೇ ಸಿಡಿದು ಲೋಹದ ಚೂರುಗಳು ಹಾರಿ ಸಾವುಗಳಾದ ಪ್ರಕರಣದಲ್ಲಿ ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಆ ಭಾಗವನ್ನು ಉಚಿತವಾಗಿ ಬದಲಿಸಿಕೊಟ್ಟರೂ ಹೋಗದೆ ಉಳಿದ ಮಾಲೀಕರಿದ್ದಾರೆ. ಸುರಕ್ಷತೆಯ ವಿಷಯದಲ್ಲಿ ಇನ್ನೊಂದೇ ಮಾತು: ಜಾರುವಾಗ ಕಾರನ್ನು ಹಿಡಿತಕ್ಕೆ ತರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಕಾರನ್ನು ಕೊಳ್ಳಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್‌ನಿಂದ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ಪರೀಕ್ಷಿಸಿ, ಅದಕ್ಕೆ ಒಪ್ಪದ ಮಾರಾಟಗಾರರಿಗೆ ನಮಸ್ಕಾರ ಹೇಳಿ ಹೊರಡಿ. ಕೊಂಡ ಕೂಡಲೇ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಫಿಲ್ಟರ್‌ಗಳನ್ನು ದಾಖಲೆ ಏನೇ ಹೇಳಲಿ ಬದಲಿಸಿಬಿಡಿ; ವಾಲ್ವ್‌ಗಳನ್ನು ಪಿಸ್ಟನ್ನುಗಳ ಚಲನೆಗೆ ಹೊಂದಿಸುವ ಟೈಮಿಂಗ್ ಚೈನ್ ಬದಲು ಬೆಲ್ಟ್ ಇದ್ದು, ಅದನ್ನು ಬದಲಿಸಿದ್ದಕ್ಕೆ ರಸೀದಿ ಇಲ್ಲದಿದ್ದರೆ ಅದನ್ನೂ ಹಾಕಿಸಿ, ಏಕೆಂದರೆ ಹಲವು ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್ನುಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಈ ಖರ್ಚನ್ನು ಕಾರಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಹೊಸ ಕಾರಿನ ಬೆಲೆಯೊಂದಿಗೆ ಹೋಲಿಸಿ. ಮುಂದೆ ಆಯಿಲ್ ಬದಲಿಸುವುದನ್ನು ಕಿಲೋಮೀಟರಿನ ಲೆಕ್ಕಕ್ಕೆ ಬಿಡದೆ ವರ್ಷಕ್ಕೊಮ್ಮೆಯಾದರೂ ಮಾಡಿಸಿ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯಾದರೂ ಹೆದ್ದಾರಿಯಲ್ಲಿ ಓಡಿಸಲು ನಿಮ್ಮ ಪತ್ನಿಗೆ ಹೇಳಿ.