ನಾಲ್ಕು ಕ್ರಷರ್‌ಗಳಲ್ಲೂ ಒಂದೇ ರೇಟು, ಕಾನೂನು ಇದನ್ನು ಹೇಗೆ ನೋಡುತ್ತದೆ?

ಚಿಕ್ಕಬಳ್ಳಾಪುರದ ಸುತ್ತ ಎಂ-ಸ್ಯಾಂಡ್ ವಿಚಾರಿಸಿದರೆ ನಾಲ್ಕೂ ಕ್ರಷರ್‌ನವರು ಒಂದೇ ರೇಟು ಹೇಳುತ್ತಾರೆ, ಒಂದೇ ವಾರದಲ್ಲಿ ಏರಿಸುತ್ತಾರೆ, ಇದರಿಂದ ಮಾರುಕಟ್ಟೆಗೆ ಹಾನಿ ಆಯಿತು ಅಂತ ನಾನು ಸಾಬೀತು ಮಾಡಬೇಕಾ ಅಂತ ಕೇಳಿದ್ದೀರಿ.

ಬೇಕಿಲ್ಲ. ಆದರೆ ಅವರು ಮಾತಾಡಿಕೊಂಡಿದ್ದರು ಅನ್ನುವುದು ಹೊರಬರಬೇಕು. ಕಷ್ಟ ಇರುವುದೇ ಅಲ್ಲಿ.

2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3(3) ನೋಡಿ. ಒಂದೇ ವ್ಯಾಪಾರದ ಪೈಪೋಟಿದಾರರು ಸೇರಿ ಬೆಲೆ ಗೊತ್ತು ಮಾಡಿದರೆ, ಸಪ್ಲೈ ಬಿಗಿ ಹಿಡಿದರೆ, ಚಿಂತಾಮಣಿ ಕಡೆ ನಿಂದು, ಗೌರಿಬಿದನೂರು ಕಡೆ ನಂದು ಅಂತ ಹಂಚಿಕೊಂಡರೆ, ಇಲ್ಲವೇ ಟೆಂಡರ್‌ನಲ್ಲಿ ಒಳಗೊಳಗೇ ಹೊಂದಿಕೊಂಡರೆ, ಸ್ಪರ್ಧೆಗೆ ಪೆಟ್ಟು ಬಿದ್ದಿದೆ ಅಂತಲೇ ಕಾನೂನು ಇಟ್ಟುಕೊಳ್ಳುತ್ತದೆ. ಇಲ್ಲ ಅಂತ ತೋರಿಸುವ ಭಾರ ಅವರದ್ದು. ಬರಹದಲ್ಲಿ ಇರಬೇಕಂತಲೂ ಇಲ್ಲ, ಟೀ ಅಂಗಡಿಯ ಬಾಯಿಮಾತೂ ಒಪ್ಪಂದವೇ. ಪಂಪ್‌ಸೆಟ್ ಕಂಪನಿ ತನ್ನ ಡೀಲರ್‌ಗೆ 'ಇದಕ್ಕಿಂತ ಕಡಿಮೆಗೆ ಮಾರಬೇಡ' ಅಂದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಹಾನಿ ಆಯಿತಾ ಅಂತ ತೂಗಿ ನೋಡಲೇಬೇಕು. ಅಮೆರಿಕದಲ್ಲಿ ಇದನ್ನೂ 1911ರಿಂದ ನೇರ ತಪ್ಪು ಅಂತಲೇ ಇಟ್ಟಿದ್ದರು, 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದನ್ನು ಕೈಬಿಟ್ಟಿತು.

ಈಗ ನಿಮ್ಮ ಒಂದೇ ರೇಟಿನ ವಿಷಯ. ಗೋದಾಮಿನಲ್ಲಿ ಹುಳ ಕೊಲ್ಲಲು ಇಡುತ್ತಾರಲ್ಲ, ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಅದಕ್ಕೆ 2009ರಲ್ಲಿ ಭಾರತೀಯ ಆಹಾರ ನಿಗಮ ಟೆಂಡರ್ ಕರೆದಾಗ ಮೂರು ಕಂಪನಿಗಳೂ ಕಿಲೋಗೆ ಸರಿಯಾಗಿ 388 ರೂಪಾಯಿ ಬರೆದವು. ಖರ್ಚು ಬೇರೆ ಬೇರೆ, ರೇಟು ಮಾತ್ರ ಒಂದೇ! ಸುಮ್ನೆ ಹೀಗಾಗಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ತಪ್ಪಿತಸ್ಥರೆಂದೇ ಹೇಳಿತು. ಮರುವರ್ಷವೇ ಗ್ಯಾಸ್ ಸಿಲಿಂಡರ್ ತಯಾರಕರ ಕೇಸಿನಲ್ಲಿ ಅದೇ ಕೋರ್ಟ್ ಅವರನ್ನು ಬಿಟ್ಟಿತು, ಟೆಂಡರ್‌ಗೆ ಮುಂಚೆ ಅವರು ಮುಂಬೈಯಲ್ಲಿ ಸೇರಿದ್ದರೂ ಕೂಡ. ಕೊಳ್ಳುವವರು ಕೈಬೆರಳೆಣಿಕೆಯ ಸರ್ಕಾರಿ ತೈಲ ಕಂಪನಿಗಳು, ಹಳೆಯ ರೇಟು ಎಲ್ಲರಿಗೂ ಗೊತ್ತು, ಅಂಥ ಕಡೆ ಮಾತಾಡಿಕೊಳ್ಳದೆಯೂ ರೇಟು ಹತ್ತಿರ ಬರುತ್ತದೆ ಅನ್ನುವುದು ವಾದ. ನನಗೆ ಈ ತೀರ್ಪು ಸ್ವಲ್ಪ ಜಾಸ್ತಿ ಉದಾರ ಅನ್ನಿಸುತ್ತದೆ.

ನಿಮ್ಮ ಕ್ರಷರ್‌ನವರೂ ಅದನ್ನೇ ಹೇಳುತ್ತಾರೆ: ಡೀಸೆಲ್ ಏರಿತು, ಪಕ್ಕದವನು ಏರಿಸಿದ, ನಾನೂ ಏರಿಸಿದೆ. ಪಕ್ಕದವನನ್ನು ನೋಡಿ ಏರಿಸುವುದು ತಪ್ಪಲ್ಲ, ಅಲ್ವಾ? ಅದಕ್ಕೇ ರೇಟು ಬರೆದ ಸಂಘದ ಪತ್ರ, ವಾಟ್ಸಾಪ್ ಮೆಸೇಜು, 'ಕಡಿಮೆಗೆ ಕೊಟ್ಟರೆ ಅವರು ಬಿಡಲ್ಲ ಸಾರ್' ಅಂತ ಯಾರಾದರೂ ಕಳಿಸಿದ ವಾಯ್ಸ್ ನೋಟ್ ಇದ್ದರೆ ಎತ್ತಿಟ್ಟುಕೊಳ್ಳಿ. ದೆಹಲಿಯ ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಶುಲ್ಕ ಕಟ್ಟಿ ಮಾಹಿತಿ ಸಲ್ಲಿಸಬಹುದು, ಮೇಲ್ನೋಟಕ್ಕೆ ಹುರುಳಿದೆ ಅನ್ನಿಸಿದರೆ ಮುಂದಿನ ತನಿಖೆ ಅವರೇ ಮಾಡಿಸುತ್ತಾರೆ.